ಮಗುವಿನ ಭಾರ ಹೊತ್ತ ಮರದ ಕುದುರೆ



ನನ್ನ ಹಿರಿಯ ಮಗನ ಗದ್ದದ ಕೆಳಗೆ ಒಂದು ಸಣ್ಣ ಗಾಯದ ಗುರುತಿದೆ. ಅವನಿಗೆ ಈಗ ನಲವತ್ತು ದಾಟಿದೆ. ಗಡ್ಡ ಬಿಟ್ಟರೆ ಗುರುತು ಕಾಣಿಸುವುದಿಲ್ಲ. ಅದಕ್ಕೆ ಕಾರಣ ನಾನು. ಅವನಿಗೆ ಮೂರು ವರ್ಷವಾಗಿದ್ದಾಗ, ಕ್ರಿಸ್ಮಸ್ ರಜೆಯಲ್ಲಿ ನಾನೇ ಕುಳಿತು ಅವನಿಗೊಂದು ಮರದ ಕುದುರೆ ಮಾಡಿಕೊಟ್ಟೆ. ಹಳೆಯ ಬೆಂಚಿನ ಹಲಗೆಗಳು, ಎರಡಿಂಚಿನ ಮೊಳೆಗಳು, ಕಿಟಕಿಗೆ ಹೊಡೆದು ಉಳಿದಿದ್ದ ಎನಾಮಲ್ ಬಣ್ಣ ಇವಿಷ್ಟೇ ಸಾಮಗ್ರಿ. ನೋಡಲು ಕುದುರೆ ಚೆಂದವಾಗಿಯೇ ಇತ್ತು. ನೆರೆಹೊರೆಯವರು ಬಂದು ಮೆಚ್ಚಿ ಹೋದರು. ಮೂರನೆಯ ದಿನ ಅದರ ಮುಂಗಾಲು ಮಂಡಿಯ ಬಳಿ ಲಟಕ್ಕನೆ ಮುರಿಯಿತು; ಮಗು ಮುಂದಕ್ಕೆ ಮುಗ್ಗರಿಸಿ ಬಿತ್ತು. ಗದ್ದಕ್ಕೆ ನಾಲ್ಕು ಹೊಲಿಗೆ ಹಾಕಿಸಬೇಕಾಯಿತು.

ಕಳೆದ ವರ್ಷ ಆ ಮಗನ ಮಗಳಿಗೆ ಮೂರು ತುಂಬಿತು. ಅವಳಿಗೊಂದು ಕುದುರೆ ಬೇಕೆಂದು ನಾನು ಬಾಯಿ ತೆರೆಯುವ ಮೊದಲೇ ಮಗ ನಕ್ಕು, "ಪಪ್ಪಾ, ಈ ಸಲ ನೀವು ಮಾಡುವುದು ಬೇಡ" ಎಂದ. ಹಾಗಾಗಿ ನಮ್ಮೂರಿನ ಹಿರಿಯ ಆಚಾರಿಯೊಬ್ಬರ ಬಳಿ ಹೋದೆ. ಹಳೆಯ ಕುದುರೆಯ ಕಥೆಯನ್ನು ಅವರು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಒಂದೇ ಮಾತು ಹೇಳಿದರು: "ಮಾಸ್ಟ್ರೇ, ನೀವು ಕುದುರೆಯ ಚಿತ್ರ ನೋಡಿದ್ದೀರಿ, ಮರದ ಎಳೆ ನೋಡಿರಲಿಲ್ಲ." ಬಾಗಿದ ಕಾಲಿನ ಆಕಾರವನ್ನು ನೇರ ಎಳೆಯ ಹಲಗೆಯಲ್ಲಿ ಕೊಯ್ದರೆ ಮಂಡಿಯ ಬಳಿ ಎಳೆಗಳು ಅಡ್ಡಡ್ಡವಾಗಿ ತುಂಡಾಗುತ್ತವೆ, ಅಲ್ಲಿ ಮರಕ್ಕೆ ಬಿಸ್ಕತ್ತಿಗಿಂತ ಹೆಚ್ಚಿನ ಬಲವಿರುವುದಿಲ್ಲ. ನಲವತ್ತು ವರ್ಷ ನನಗೆ ತಿಳಿಯದಿದ್ದ ಸಂಗತಿ ಅದು.

ಆ ಮಾತು ನನ್ನನ್ನು ಪುಸ್ತಕಗಳ ಕಡೆಗೆ ತಿರುಗಿಸಿತು. ಮಕ್ಕಳನ್ನು ಮರದ ಪ್ರಾಣಿಯ ಮೇಲೆ ಕೂರಿಸಲು ಮನುಷ್ಯರು ಎಂದಿನಿಂದ ಆರಂಭಿಸಿದರು? ನಾನು ಮಾಡಿದ ತಪ್ಪನ್ನು ಅವರು ಹೇಗೆ ತಪ್ಪಿಸಿಕೊಂಡರು? ತಾವು ಒಂದು ಅಂಶವನ್ನು ಗಮನಿಸಬೇಕು. ಬೊಂಬೆ ಮುರಿದರೆ ಮಗು ಅಳುತ್ತದೆ. ಬುಗುರಿ ಒಡೆದರೆ ಬೇರೊಂದನ್ನು ಕೇಳುತ್ತದೆ. ಆದರೆ ಸವಾರಿಯ ಆಟಿಕೆ ಮುರಿದರೆ ಮಗುವೇ ಬೀಳುತ್ತದೆ. ಮಗು ತನ್ನ ಮೈಭಾರವನ್ನೆಲ್ಲ ನಂಬಿ ಒಪ್ಪಿಸುವ ಆಟಿಕೆ ಇದು.

ಈ ಚರಿತ್ರೆಯ ಮೊದಲ ಕುದುರೆಗೆ ಕಾಲುಗಳೇ ಇರಲಿಲ್ಲ. ಅದು ಬರಿಯ ಕೋಲು. ಗ್ರೀಕ್ ಲೇಖಕ ಪ್ಲೂಟಾರ್ಕನು ಸ್ಪಾರ್ಟಾದ ಅರಸ ಅಜೆಸಿಲಾಸನ ಜೀವನಚರಿತ್ರೆಯಲ್ಲಿ ಒಂದು ಪ್ರಸಂಗವನ್ನು ಹೇಳುತ್ತಾನೆ. ಯುದ್ಧಗಳಲ್ಲಿ ಹೆಸರು ಮಾಡಿದ ಆ ಅರಸ ತನ್ನ ಪುಟ್ಟ ಮಕ್ಕಳೊಡನೆ ಕೋಲುಕುದುರೆ ಏರಿ ಮನೆಯೊಳಗೆ ಓಡಾಡುತ್ತಿದ್ದನಂತೆ. ಸ್ನೇಹಿತನೊಬ್ಬ ಅದನ್ನು ನೋಡಿಬಿಟ್ಟ. ಆಗ ಅರಸನು, ನೀನೂ ಒಬ್ಬ ತಂದೆಯಾಗುವ ತನಕ ಇದನ್ನು ಯಾರಿಗೂ ಹೇಳಬೇಡ ಎಂದು ಕೇಳಿಕೊಂಡನಂತೆ. ಪೀಟರ್ ಬ್ರೂಗಲ್ ಎಂಬ ಕಲಾವಿದ 1560ರಲ್ಲಿ ಬರೆದ 'ಮಕ್ಕಳ ಆಟಗಳು' ಎಂಬ ಚಿತ್ರ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ಎಂಬತ್ತಕ್ಕೂ ಮೀರಿದ ಆಟಗಳ ಆ ಗದ್ದಲದಲ್ಲಿಯೂ ಕೋಲುಕುದುರೆಯ ಮಗು ಕಾಣಸಿಗುತ್ತದೆ. ನಮ್ಮ ನಾಡಿನ ಜಾತ್ರೆ ಮೆರವಣಿಗೆಗಳಲ್ಲಿ ಕುಣಿಯುವ ಕೀಲುಕುದುರೆಯೂ ಒಂದು ಬಗೆಯಲ್ಲಿ ಇದರ ಬಂಧುವೇ. ಕುದುರೆಯ ಚೌಕಟ್ಟಿನೊಳಗೆ ನಿಂತ ಕಲಾವಿದನ ಕಾಲುಗಳೇ ಅಲ್ಲಿ ಕುದುರೆಯ ಕಾಲುಗಳು. ಕೋಲುಕುದುರೆಯಲ್ಲಿ ಸವಾರನೇ ಕುದುರೆಯನ್ನು ಹೊರುತ್ತಾನೆ. ಆದ್ದರಿಂದಲೇ ಅದು ಯಾರನ್ನೂ ಬೀಳಿಸಲಿಲ್ಲ.

ನಿಜವಾಗಿ ಭಾರ ಹೊರುವ, ಚಕ್ರಗಳ ಮೇಲೆ ಚಲಿಸುವ ದೊಡ್ಡ ಮರದ ಪ್ರಾಣಿಯನ್ನು ಹುಡುಕುತ್ತಾ ಹೋದಾಗ ನಾನು ತಲುಪಿದ್ದು ಆಟದ ಅಂಗಳವನ್ನಲ್ಲ, ದೇವಾಲಯವನ್ನು. ಅದು ಕುದುರೆಯೂ ಅಲ್ಲ, ಕತ್ತೆ.

ಗರಿಗಳ ಭಾನುವಾರದಂದು ನಾವು ಗರಿಗಳನ್ನು ಹಿಡಿದು ಮೆರವಣಿಗೆಯಲ್ಲಿ ಸಾಗುತ್ತೇವೆ. ಮಧ್ಯಯುಗದ ಜರ್ಮನ್ ನಾಡುಗಳಲ್ಲಿ ಆ ಮೆರವಣಿಗೆಯ ನಡುವೆ ಮರದ ಕತ್ತೆಯೊಂದನ್ನು ಎಳೆದುಕೊಂಡು ಹೋಗುತ್ತಿದ್ದರು. ಅದರ ಬೆನ್ನ ಮೇಲೆ ಬಲಗೈ ಎತ್ತಿ ಆಶೀರ್ವದಿಸುವ ಯೇಸುಸ್ವಾಮಿಯ ಪ್ರತಿಮೆ; ಕಾಲುಗಳ ಕೆಳಗೆ ದಪ್ಪ ಹಲಗೆ; ಹಲಗೆಗೆ ನಾಲ್ಕು ಚಕ್ರ; ಮುಂದೆ ಹಗ್ಗ. ಜರ್ಮನ್ ಭಾಷೆಯಲ್ಲಿ ಇದಕ್ಕೆ 'ಪಾಲ್ಮೆಸೆಲ್' ಎಂದು ಹೆಸರು, ಅಂದರೆ ಗರಿಯ ಕತ್ತೆ. 973ರಲ್ಲಿ ತೀರಿಕೊಂಡ ಔಗ್ಸ್‌ಬುರ್ಗಿನ ಧರ್ಮಾಧ್ಯಕ್ಷ ಸಂತ ಉಲ್ರಿಕ್‌ರ ಜೀವನಚರಿತ್ರೆಯಲ್ಲಿಯೇ ಕತ್ತೆಯ ಮೇಲೆ ಕುಳಿತ ಪ್ರಭುವಿನ ಪ್ರತಿಮೆಯ ಪ್ರಸ್ತಾಪ ಬರುತ್ತದೆ. ಸ್ವಿಟ್ಜರ್ಲೆಂಡಿನ ಸ್ಟೈನೆನ್ ಎಂಬ ಊರಿನಿಂದ ಬಂದ 11ನೇ ಶತಮಾನದ ಒಂದು ಪ್ರತಿಮೆ ಇಂದಿಗೂ ಜ್ಯೂರಿಕ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ನ್ಯೂಯಾರ್ಕಿನ ಕ್ಲಾಯ್ಸ್ಟರ್ಸ್ ಸಂಗ್ರಹಾಲಯದಲ್ಲಿ 15ನೇ ಶತಮಾನದ್ದೊಂದಿದೆ.

ಆ ಶಿಲ್ಪಿಯ ಮುಂದಿದ್ದ ಸಮಸ್ಯೆಯನ್ನು ತಾವೇ ಊಹಿಸಿ ನೋಡಿ. ಮೇಲೆ ಆಳೆತ್ತರದ ಪ್ರತಿಮೆಯ ಭಾರ, ಕೆಳಗೆ ಕತ್ತೆಯ ನಾಲ್ಕು ಸಣಕಲು ಕಾಲುಗಳು, ಅವುಗಳ ಕೆಳಗೆ ಕಲ್ಲು ಹಾಸಿದ ಬೀದಿ. ಪ್ರತಿ ಕಲ್ಲಿಗೂ ಚಕ್ರ ಕುಪ್ಪಳಿಸುತ್ತದೆ. ಆ ಏಟು ನೇರವಾಗಿ ಕಾಲಿಗೆ ಏರುತ್ತದೆ. ಅಗಲವಾದ ಅಡಿಹಲಗೆಗೆ ಕಾಲುಗಳನ್ನು ಕಚ್ಚಿಸುವುದರಿಂದ ನಾಲ್ಕೂ ಕಾಲುಗಳು ಒಂದೇ ತಳವನ್ನು ಹಂಚಿಕೊಳ್ಳುತ್ತಿದ್ದವು. ಒಂದರ ಮೇಲೆ ಬಿದ್ದ ಏಟನ್ನು ಉಳಿದ ಮೂರೂ ಹೊರುತ್ತಿದ್ದವು. ಆ ಕಾಲದ ಮರಶಿಲ್ಪಿಗಳು ದೊಡ್ಡ ಪ್ರತಿಮೆಗಳ ಒಳಗನ್ನು ಟೊಳ್ಳು ಮಾಡುತ್ತಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. ಭಾರ ಇಳಿಸುವುದಷ್ಟೇ ಅದರ ಉದ್ದೇಶವಲ್ಲ. ಇಡಿಯ ದಿಮ್ಮಿ ಒಣಗುವಾಗ ಹೊರಗಿನ ಪದರ ಬೇಗ ಕುಗ್ಗುತ್ತದೆ, ಒಳಗಿನ ತಿರುಳು ಕುಗ್ಗುವುದಿಲ್ಲ. ಆ ಜಗ್ಗಾಟದಲ್ಲಿ ಮರ ಸೀಳುತ್ತದೆ. ತಿರುಳನ್ನೇ ತೆಗೆದರೆ ಜಗ್ಗಾಟವೂ ಇಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಮಕ್ಕಳ ಕುದುರೆಯೊಳಗೆ ಇದೇ ಟೊಳ್ಳು ಮತ್ತೆ ಎದುರಾಗುತ್ತದೆ.

ಕೆಲವು ಊರುಗಳಲ್ಲಿ ಮಕ್ಕಳನ್ನೂ ಆ ಕತ್ತೆಯ ಮೇಲೆ ಕೂರಿಸುತ್ತಿದ್ದರು. ನನಗೆ ಇದು ಸಹಜವೆಂದೇ ತೋರುತ್ತದೆ. ಚಕ್ರವಿರುವ ಪ್ರಾಣಿಯೊಂದನ್ನು ಬೀದಿಯಲ್ಲಿ ಎಳೆದುಕೊಂಡು ಹೋದರೆ ಅದರ ಮೇಲೆ ಹತ್ತಬೇಕೆಂದು ಯಾವ ಮಗುವಿಗೆ ಅನ್ನಿಸುವುದಿಲ್ಲ? ಆದರೆ 16ನೇ ಶತಮಾನದ ಸುಧಾರಣಾ ಚಳವಳಿಯಲ್ಲಿ ವಿಗ್ರಹಗಳ ವಿರುದ್ಧ ಎದ್ದ ಕೋಪಕ್ಕೆ ಹಲವು ಕತ್ತೆಗಳು ಆಹುತಿಯಾದವು. ಉಳಿದವುಗಳ ಮೇಲೆ 18ನೇ ಶತಮಾನದಲ್ಲಿ ಕಥೋಲಿಕ ಅಧಿಕಾರಿಗಳೇ ಮುನಿದರು. ಸಂಗೀತಗಾರ ಮೊಜಾರ್ಟನ ಒಡೆಯನೆಂದು ಹೆಚ್ಚು ಪರಿಚಿತನಾದ ಸಾಲ್ಜ್‌ಬುರ್ಗಿನ ಮಹಾಧರ್ಮಾಧ್ಯಕ್ಷ ಕೊಲ್ಲೊರೆಡೊ, ಇಂಥ ಆಡಂಬರಗಳು ಭಕ್ತಿಗೆ ತಕ್ಕವಲ್ಲವೆಂದು ನಿಷೇಧಿಸಿದವರಲ್ಲಿ ಒಬ್ಬ. ಅವರಿಗೂ ಅವರದೇ ಕಾರಣಗಳಿದ್ದವು. ಆದರೂ ಅಟ್ಟದ ಕತ್ತಲಿಗೆ ಸೇರಿದ ಆ ಕತ್ತೆಗಳನ್ನು ನೆನೆದರೆ ನನಗೆ ಬೇಸರವಾಗುತ್ತದೆ. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಥೌರ್ ಎಂಬ ಹಳ್ಳಿಯಂಥ ಕೆಲವೇ ಕಡೆಗಳಲ್ಲಿ ಈ ಪದ್ಧತಿ ಉಳಿದುಬಂದಿದೆ.

ಇನ್ನು ಕುದುರೆಯ ಕಡೆಗೆ ಬರೋಣ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದ ಬಳಿ ಸುಮಾರು 1610ರ ಒಂದು ತೂಗುಕುದುರೆಯಿದೆ. ಮುಂದೆ ಇಂಗ್ಲೆಂಡಿನ ಅರಸನಾದ ಒಂದನೆಯ ಚಾರ್ಲ್ಸ್ ಬಾಲ್ಯದಲ್ಲಿ ಆಡಿದ ಕುದುರೆ ಅದೆಂದು ನಂಬಲಾಗಿದೆ. 1600ರಲ್ಲಿ ಹುಟ್ಟಿದ ಚಾರ್ಲ್ಸ್ ದುರ್ಬಲ ಕಾಲುಗಳ ಮಗು. ಬಹಳ ತಡವಾಗಿ ನಡೆಯಲು ಕಲಿತವನು. ನಡೆಯಲಾರದ ಮಗುವಿಗೆ ಸವಾರಿ ಮಾಡಲು ಒಂದು ಕುದುರೆ! ಆ ಕಾಲದ ತೂಗುಕುದುರೆಗಳ ರಚನೆ ಬಹಳ ಸರಳ. ಅರ್ಧಚಂದ್ರಾಕಾರವಾಗಿ ಕೊಯ್ದ ಎರಡು ದಪ್ಪ ಹಲಗೆಗಳು ಎಡಬಲದಲ್ಲಿ ನಿಲ್ಲುತ್ತವೆ, ನಡುವೆ ಆಸನ, ಮುಂದೆ ಕೆತ್ತಿದ ತಲೆ. ಕಾಲುಗಳು ಬೇರೆಯಾಗಿ ಇಲ್ಲವೇ ಇಲ್ಲ. ಪಕ್ಕದ ಹಲಗೆಯೇ ಕಾಲು, ಅದರ ಬಾಗಿದ ಕೆಳ ಅಂಚೇ ತೂಗುವ ತಳ. ನೋಡಲು ಕುದುರೆಗಿಂತ ತೊಟ್ಟಿಲಿನಂತೆ ಕಾಣುವುದು ನಿಜ. ಆದರೆ ಮುರಿಯಲು ಅಲ್ಲಿ ಸಣ್ಣ ಭಾಗವೇ ಇಲ್ಲ. ನಾನು ಇದನ್ನು ಮೊದಲೇ ನೋಡಿದ್ದರೆ ನನ್ನ ಮಗನ ಗದ್ದ ಉಳಿಯುತ್ತಿತ್ತು.

ಮುಂದಿನ ಎರಡು ಶತಮಾನಗಳಲ್ಲಿ ಕುದುರೆ ನಿಜವಾದ ಕುದುರೆಯಂತೆ ಕಾಣತೊಡಗಿತು. ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ನಾಗಾಲೋಟದಲ್ಲಿರುವ ಕುದುರೆ. ಅದರ ನಾಲ್ಕು ಗೊರಸುಗಳು ಬಿಲ್ಲಿನಂತೆ ಬಾಗಿದ ಎರಡು ಉದ್ದನೆಯ ಪಟ್ಟಿಗಳಿಗೆ ಜೋಡಣೆಯಾಗಿರುತ್ತಿದ್ದವು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಇದೊಂದು ದೊಡ್ಡ ಕಸುಬಾಗಿ ಬೆಳೆಯಿತು. ಲಂಡನ್ನಿನ ಏಯರ್ಸ್, ಲೈನ್ಸ್ ಮುಂತಾದ ಕಾರ್ಖಾನೆಗಳ ಬೂದುಚುಕ್ಕೆಯ ಬಿಳಿ ಕುದುರೆಗಳನ್ನು ಚಿತ್ರಗಳಲ್ಲಾದರೂ ತಾವು ನೋಡಿರುತ್ತೀರಿ.

ಅವುಗಳನ್ನು ಕಟ್ಟುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕಸುಬಿನ ಬುದ್ಧಿಯೆಲ್ಲ ಅಲ್ಲಿದೆ. ಕುದುರೆಯ ಮೈ ಇಡಿಯ ದಿಮ್ಮಿಯಲ್ಲ, ಪೈನ್ ಮರದ ಹಲಗೆಗಳನ್ನು ಅಂಟಿಸಿ ಮಾಡಿದ ಒಂದು ಪೆಟ್ಟಿಗೆ. ಒಳಗೆ ಟೊಳ್ಳು. ಆ ಪೆಟ್ಟಿಗೆಯನ್ನು ಹೊರಗಿನಿಂದ ಉಳಿಯಲ್ಲಿ ಕೆತ್ತಿ ಹೊಟ್ಟೆ, ಪಕ್ಕೆ, ತೊಡೆಗಳ ಉಬ್ಬುತಗ್ಗುಗಳನ್ನು ತರುತ್ತಿದ್ದರು. ಕಾಲುಗಳಿಗೆ ಬೀಚ್‌ನಂಥ ಗಟ್ಟಿ ಮರ. ಎಳೆ ಮೇಲಿನಿಂದ ಕೆಳಕ್ಕೆ ಕಾಲಿನುದ್ದಕ್ಕೂ ಹರಿಯಲೇಬೇಕು. ಕಾಲಿನ ಮೇಲ್ತುದಿಯನ್ನು ಮೈಯ ತಳದ ಹಲಗೆಯಲ್ಲಿ ಕೊರೆದ ಗೂಡಿನೊಳಗೆ ಓರೆಯಾಗಿ ಕೂರಿಸುತ್ತಿದ್ದರು. ಎಡಗಾಲು ಬಲಗಾಲುಗಳು ಕೆಳಗೆ ಬರುತ್ತಾ ಅಗಲವಾಗುತ್ತಿದ್ದವು. ಮೊಳೆಯ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಮಗು ತೂಗಿದಂತೆಲ್ಲ ಮೊಳೆ ತನ್ನ ತೂತನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ. ಮರದೊಳಗೆ ಮರವೇ ಕಚ್ಚಿ ಕುಳಿತ ಕೀಲಿನಲ್ಲಿಯಾದರೆ ಭಾರ ಅಗಲವಾಗಿ ಹಂಚಿಹೋಗುತ್ತದೆ.

ಆಮೇಲೆ ಬಣ್ಣದ ಕೆಲಸ. ಸೀಮೆಸುಣ್ಣದ ನುಣ್ಣನೆಯ ಪುಡಿಯನ್ನು ಪ್ರಾಣಿಗಳ ಚರ್ಮದಿಂದ ಕಾಯಿಸಿ ತೆಗೆದ ಬಿಸಿ ಅಂಟಿನಲ್ಲಿ ಕಲಸಿ ಪದರ ಪದರವಾಗಿ ಬಳಿಯುತ್ತಿದ್ದರು. ಇದಕ್ಕೆ ಗೆಸ್ಸೊ ಎನ್ನುತ್ತಾರೆ. ಹಲಗೆಗಳ ಸಂದುಗಳನ್ನೂ ಉಳಿಯ ಗೀರುಗಳನ್ನೂ ಅದು ಮುಚ್ಚಿ, ಬಣ್ಣಕ್ಕೆ ನಯವಾದ ಹಾಸು ಒದಗಿಸುತ್ತದೆ. ಯೂರೋಪಿನ ದೇವಾಲಯಗಳಲ್ಲಿ ಮರದ ಸಂತರ ಪ್ರತಿಮೆಗಳ ಬಣ್ಣದ ಕೆಳಗಿರುವುದೂ ಇದೇ ಲೇಪ. ಟೊಳ್ಳು ಒಡಲು, ಸುಣ್ಣದ ಲೇಪ: ಗರಿಯ ಕತ್ತೆಯನ್ನು ಕೆತ್ತಿದವರ ವಿದ್ಯೆ ಅಟ್ಟ ಸೇರಲಿಲ್ಲ, ಮಕ್ಕಳ ಕೋಣೆಯನ್ನು ಸೇರಿತು.

ಬಿಲ್ಲಿನ ತಳದ ಕುದುರೆಗೆ ಒಂದು ದೋಷವಿತ್ತು. ಮಗು ಜೋರಾಗಿ ತೂಗಿದರೆ ಅದು ನೆಲದ ಮೇಲೆ ಇಂಚಿಂಚಾಗಿ ಮುಂದೆ ಸರಿಯುತ್ತಿತ್ತು. ಪಕ್ಕದಲ್ಲಿ ಕುಳಿತ ತಮ್ಮನ ಬೆರಳು ತಳದ ಕೆಳಗೆ ಸಿಕ್ಕುತ್ತಿತ್ತು. ಇನ್ನೂ ಜೋರು ಮಾಡಿದರೆ ಮಗುಚಿಯೂ ಬೀಳುತ್ತಿತ್ತು. 1880ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದ ಫಿಲಿಪ್ ಮಾರ್ಕ್ವಾ ಎಂಬವರು ಇದಕ್ಕೊಂದು ಪರಿಹಾರ ಕಂಡುಕೊಂಡು ಹಕ್ಕುಪತ್ರ ಪಡೆದರು. ನೆಲದ ಮೇಲೆ ಕದಲದೆ ನಿಲ್ಲುವ ಮರದ ಪೀಠ. ಅದರ ಮೇಲಿನಿಂದ ಇಳಿಬಿದ್ದ ಕಬ್ಬಿಣದ ತೂಗುಸರಳುಗಳಿಗೆ ಕುದುರೆಯ ಗೊರಸುಗಳ ಜೋಡಣೆ. ಕುದುರೆ ಮುಂದೆ ಹಿಂದೆ ಓಡುತ್ತದೆ, ಪೀಠ ಇದ್ದಲ್ಲೇ ಇರುತ್ತದೆ. ಇಂಗ್ಲೆಂಡಿನ ತಯಾರಕರೂ ಬೇಗನೆ ಇದನ್ನು ಅಳವಡಿಸಿಕೊಂಡರು. ನನಗೆ ಬಿಲ್ಲಿನ ಕುದುರೆಯೇ ಹೆಚ್ಚು ಚೆಂದವೆನಿಸುತ್ತದೆ. ಆದರೆ ಬೆರಳು ಜಜ್ಜಿಸಿಕೊಂಡ ಮಗುವಿನ ತಾಯಿಯನ್ನು ಕೇಳಿದರೆ ಉತ್ತರ ಬೇರೆಯಾಗಿರಬಹುದು.

ಲೈನ್ಸ್ ಮನೆತನದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಜಾರ್ಜ್ ಮತ್ತು ಜೋಸೆಫ್ ಲೈನ್ಸ್ ಎಂಬ ಸಹೋದರರು ಕಟ್ಟಿದ ಕಸುಬು ಅದು. ಮೊದಲ ಮಹಾಯುದ್ಧದಿಂದ ಮರಳಿದ ಜೋಸೆಫರ ಮೂವರು ಮಕ್ಕಳು 1919ರಲ್ಲಿ ತಮ್ಮದೇ ಸಂಸ್ಥೆಯನ್ನು ಆರಂಭಿಸಿದರು. ಇಂಗ್ಲಿಷಿನಲ್ಲಿ ಲೈನ್ ಎಂದರೆ ಗೆರೆ. ಮೂರು ಗೆರೆ ಸೇರಿದರೆ ತ್ರಿಕೋನ. ಹಾಗಾಗಿ ಅವರ ಆಟಿಕೆಗಳಿಗೆ 'ಟ್ರೈ-ಆಂಗ್' ಎಂದು ಹೆಸರು. ಮಕ್ಕಳ ಸವಾರಿಯ ಆಟಿಕೆಗಳಿಗೆ ಜಗತ್ತಿನಲ್ಲೆಲ್ಲ ಹೆಸರಾದ ಈ ಸಂಸ್ಥೆಯೇ ಎರಡನೆಯ ಮಹಾಯುದ್ಧದಲ್ಲಿ ಸರ್ಕಾರಕ್ಕಾಗಿ 'ಸ್ಟೆನ್' ಬಂದೂಕುಗಳನ್ನು ತಯಾರಿಸಿತು. ತಗಡನ್ನು ಒತ್ತಿ ಆಟದ ಕಾರು ಮಾಡುತ್ತಿದ್ದ ಯಂತ್ರವಿದ್ಯೆ ಬಂದೂಕಿನ ಕೊಳವೆ ಮಾಡಲು ಒಗ್ಗಿತು. ಯುದ್ಧ ಮುಗಿದ ಮೇಲೆ ಅವರು ಮತ್ತೆ ಆಟಿಕೆಗೆ ಮರಳಿದರು. 1971ರಲ್ಲಿ ಸಂಸ್ಥೆ ಮುಳುಗಿತು.

ಅದೇ ಕಾಲದಲ್ಲಿ ಹಾಲೆಂಡಿನಲ್ಲಿ ನಡೆದ ಇನ್ನೊಂದು ಪ್ರಯತ್ನ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದುದು. ಬೆರ್ಗ್ ಎನ್ ಬೊಸ್ ಎಂಬುದು ಕ್ಷಯರೋಗಿಗಳ ಕಥೋಲಿಕ ಆರೋಗ್ಯಧಾಮ. ಕ್ಷಯಕ್ಕೆ ಪರಿಣಾಮಕಾರಿ ಔಷಧವಿಲ್ಲದ ಕಾಲ. ರೋಗಿಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಲಗಿರಬೇಕು. ಚೇತರಿಸಿಕೊಳ್ಳುತ್ತಿದ್ದವರಿಗೆ ಉದ್ಯೋಗ ಕೊಡಲೆಂದು 1925ರಲ್ಲಿ ಅಲ್ಲೊಂದು ಕಾರ್ಯಾಗಾರ ಆರಂಭವಾಯಿತು. ಕೋ ವರ್ಜೂ ಎಂಬ ಎಂಜಿನಿಯರರು ಅಲ್ಲಿಗಾಗಿ ಮರದ ಲಾರಿ, ಗಾಡಿ, ರೈಲುಗಳನ್ನು ವಿನ್ಯಾಸ ಮಾಡಿದರು. ದುರ್ಬಲರೂ ಕೊಯ್ದು ಜೋಡಿಸಬಲ್ಲ ನೇರ ಗೆರೆಗಳು, ಚೌಕ ತುಂಡುಗಳು, ಕೆಂಪು ನೀಲಿ ಹಳದಿ ಬಣ್ಣಗಳು. ಅಶಕ್ತರ ದುಡಿಮೆ ಎಂಬರ್ಥದ ಡಚ್ ಪದಗಳ ಮೊದಲ ಅಕ್ಷರಗಳಿಂದ ಆ ಆಟಿಕೆಗಳಿಗೆ 'ಆಡೋ' ಎಂದು ಹೆಸರಾಯಿತು. ಕನ್ನಡದ ಕಿವಿಗೆ ಅದು ಬೇರೆಯೇ ಆಗಿ ಕೇಳಿಸುತ್ತದೆ, ಅಲ್ಲವೇ? ಮುಂದೆ ಅವೇ ಅಕ್ಷರಗಳಿಗೆ 'ವಿಶಿಷ್ಟ, ಉಪಯುಕ್ತ, ಮುರಿಯದ' ಎಂಬ ಹೊಸ ಅರ್ಥವನ್ನು ಕೊಟ್ಟರು. ಅಶಕ್ತರು ಎಂಬ ಮಾತು ಹೋಗಿ ಮುರಿಯದ್ದು ಎಂಬ ಮಾತು ಬಂದಿತು. ಎದೆಯಲ್ಲಿ ಕಫ ಕಟ್ಟಿದವರು ಮಾಡಿದ ವಸ್ತುಗಳು ಗಟ್ಟಿಮುಟ್ಟಿಗೆ ಹೆಸರಾದವು.

ನಮ್ಮ ನಾಡಿನಲ್ಲಿ ಮರದ ಆಟಿಕೆ ಎಂದೊಡನೆ ಚನ್ನಪಟ್ಟಣದ ನೆನಪಾಗುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ಕಲೆ ಬಂದಿತೆಂದು ಅಲ್ಲಿ ಹೇಳುತ್ತಾರೆ. ಹಾಲೆ ಮರದ ಬಿಳಿಯ ಮೃದು ಕಾಂಡವನ್ನು ಕಡೆಯುವ ಯಂತ್ರದಲ್ಲಿ ತಿರುಗಿಸುತ್ತಾ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣವಾಗಿ ಅಂಟುತ್ತದೆ. 2005-06ನೇ ಸಾಲಿನಲ್ಲಿ ಈ ಆಟಿಕೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ರಸ್ತೆ ಬದಿಯ ಅಂಗಡಿಗಳ ಮುಂದೆ ನಿಂತ ತೂಗುಕುದುರೆಗಳನ್ನು ನೋಡಿ ಬಸ್ಸಿನ ಕಿಟಕಿಗೆ ಮುಖ ಒತ್ತದ ಮಗು ಅಪರೂಪವಾಗಿತ್ತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಹಳೆಯ ರಸ್ತೆಯ ಅಂಗಡಿಗಳಿಗೆ ಅದರ ಪೆಟ್ಟು ಬಿದ್ದಿದೆ. ಪ್ರಯಾಣದ ಸಮಯ ಉಳಿಸಲು ಹೋಗಿ ನಾವು ಏನನ್ನು ದಾಟಿಹೋಗುತ್ತಿದ್ದೇವೆ ಎಂದು ನಾನು ಆಗಾಗ ಯೋಚಿಸುತ್ತೇನೆ.

1 ಜನವರಿ 2021ರಿಂದ ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಬಿ.ಐ.ಎಸ್. ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕರಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಆಟಿಕೆಗಳಿಗೂ ವಿನಾಯಿತಿಯಿದೆ. ಬಡ ಕುಶಲಕರ್ಮಿ ಪರೀಕ್ಷೆಯ ಖರ್ಚನ್ನು ಹೊರಲಾರ; ಆದ್ದರಿಂದ ಈ ವಿನಾಯಿತಿ ನ್ಯಾಯವೇ. ಆದರೆ ಅಂಥ ಕಡೆ ಮಗುವನ್ನು ಕಾಯುವುದು ಕಸುಬಿನವನ ಕೈ ಮಾತ್ರ ಎಂಬುದೂ ಅಷ್ಟೇ ನಿಜ. ಯೂರೋಪಿನ ನಿಯಮದಲ್ಲಿ ಸವಾರಿಯ ಆಟಿಕೆಯ ಮೇಲೆ ತೂಕ ಹೇರಿ ಪರೀಕ್ಷಿಸುತ್ತಾರೆ. ಮೂರು ವರ್ಷದೊಳಗಿನವರದಕ್ಕೆ 25 ಕಿಲೋ, ದೊಡ್ಡವರದಕ್ಕೆ 50 ಕಿಲೋ. ಮೂರು ವರ್ಷದ ಮಗು 14 ಕಿಲೋ ಇದ್ದರೆ ಹೆಚ್ಚು. ಆದರೆ ಮಗು ಒಂಟಿಯಾಗಿ ಆಡುವುದಿಲ್ಲ. ಹಿಂದೆ ಅಣ್ಣನೂ ಹತ್ತುತ್ತಾನೆ. ನಿಯಮ ಬರೆದವರು ಮಕ್ಕಳನ್ನು ಬಲ್ಲವರೇ ಇರಬೇಕು.

ನಮ್ಮ ಆಚಾರಿಯವರು ಈ ನಿಯಮಗಳನ್ನು ಓದಿದವರಲ್ಲ. ಮೊದಲ ದಿನ ಅವರು ಮರವನ್ನು ಮುಟ್ಟಲೇ ಇಲ್ಲ. ಮೊಮ್ಮಗಳನ್ನು ಒಂದು ಮಣೆಯ ಮೇಲೆ ಕೂರಿಸಿ ಮಂಡಿಯಿಂದ ಪಾದದವರೆಗೆ, ತೊಡೆಯಿಂದ ತೊಡೆಗೆ, ಭುಜದಿಂದ ಮುಷ್ಟಿಗೆ ನೂಲು ಹಿಡಿದು ಅಳೆದರು. ಆಸನದ ಎತ್ತರ ಹನ್ನೆರಡು ಇಂಚು ಮೀರಬಾರದು ಎಂದರು. ಬಿದ್ದರೂ ನೆಲ ಹತ್ತಿರವಿರಬೇಕು. ಬಾಗಿದ ತಳಕ್ಕೆ ಹಲಸಿನ ಮರದಲ್ಲಿ ತಾನಾಗಿಯೇ ಬಾಗಿ ಬೆಳೆದ ತುಂಡೊಂದನ್ನು ಆರಿಸಿ ತಂದರು. ದೋಣಿ ಕಟ್ಟುವವರು ಪಕ್ಕೆಲುಬಿಗೆ ಆರಿಸುವುದೂ ಇಂಥದ್ದನ್ನೇ. ಬಾಗಿದ ಕಡೆ ಎಳೆಯೂ ಬಾಗುತ್ತದೆ, ತುಂಡಾಗುವುದಿಲ್ಲ. ಎರಡು ತಳಗಳ ನಡುವಿನ ಅಂತರ ಆಸನಕ್ಕಿಂತ ಅಗಲ. ತುದಿಗಳಲ್ಲಿ ಮಗುಚದಂತೆ ಒಂದೊಂದು ಅಡ್ಡಗಟ್ಟೆ. ಹಿಡಿಕೆಗೆ ತಲೆಯ ಈ ಕಡೆಯಿಂದ ಆ ಕಡೆಗೆ ಹಾಯ್ದ ಒಂದೇ ಕಡೆದ ಕೋಲು. ಅದು ತಿರುಗದಂತೆ ನಡುವೆ ಒಂದು ಸಣ್ಣ ಗೂಟ. ಅಂಚುಗಳನ್ನೆಲ್ಲ ಹತ್ತರಿ ಹಿಡಿದು ಗುಂಡಾಗಿಸಿದರು.

ಬಣ್ಣದ ವಿಷಯಕ್ಕೆ ಬಂದಾಗ ನಾನು ಮತ್ತೊಮ್ಮೆ ತಲೆತಗ್ಗಿಸಬೇಕಾಯಿತು. ಮನೆಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ನಾನು ಹಿಂದೆ ಮಗನ ಕುದುರೆಗೆ ಹೊಡೆದದ್ದು ಕಿಟಕಿಯ ಹಳೆಯ ಎನಾಮಲ್. ಮಗು ಅದರ ಕಿವಿಯನ್ನು ಕಚ್ಚುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಆ ಕುದುರೆ ಮೂರೇ ದಿನಕ್ಕೆ ಮುರಿದದ್ದು ಒಳ್ಳೆಯದೇ ಆಯಿತೇನೋ. ಹೊಸ ಕುದುರೆಗೆ ಬಣ್ಣವೇ ಬೇಡವೆಂದು ಅರಗಿನ ಹೊಳಪನ್ನಷ್ಟೇ ಕೊಡಿಸಿದೆ. ಹಲಸಿನ ಹಳದಿಯೇ ಸಾಕಷ್ಟು ಚೆಂದವಾಗಿತ್ತು.

ಕೆಲಸ ಮುಗಿದ ಸಂಜೆ ಆಚಾರಿಯವರು ಕುದುರೆಯನ್ನು ಅಂಗಳಕ್ಕೆ ತಂದಿಟ್ಟರು. ಮೊಮ್ಮಗಳು ಓಡಿಬಂದಳು. ಅವರು ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು. "ಮಾಸ್ಟ್ರೇ, ಮೊದಲು ನೀವು ಕೂರಿ."

ನನ್ನ ತೂಕ 68 ಕಿಲೋ. ಮಂಡಿ ನೋವು ಬೇರೆ. ಆದರೂ ಕುಳಿತೆ. ಕುದುರೆ ಒಮ್ಮೆ ಮುಂದಕ್ಕೆ ಬಾಗಿತು, ಹಿಂದಕ್ಕೆ ಬಂದಿತು. ಯಾವ ಕೀಲಿನಿಂದಲೂ ಸದ್ದಿಲ್ಲ. ಆಚಾರಿಯವರು ನೆಲಕ್ಕೆ ಕಿವಿಗೊಟ್ಟು ಕೇಳಿ, ಇನ್ನೂ ಜೋರಾಗಿ ತೂಗಿ ಎಂದರು. ತೂಗಿದೆ. ಅಷ್ಟರಲ್ಲಿ ಮಗ ಗೇಟು ತೆರೆದು ಒಳಗೆ ಬಂದ. ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುರಿ ಕುಳಿತು ತೂಗುತ್ತಿದ್ದ ನನ್ನನ್ನು ನೋಡಿ ನಿಂತ. ಸ್ಪಾರ್ಟಾದ ಅರಸನ ಮಾತು ನೆನಪಾಯಿತು. ಆದರೆ ಇವನಿಗೆ ಅದನ್ನು ಹೇಳುವ ಅಗತ್ಯವಿರಲಿಲ್ಲ. ಅವನು ಚಪ್ಪಲಿ ಬಿಟ್ಟು ಹತ್ತಿರ ಬಂದ. ಬಗ್ಗಿ, ಕುದುರೆಯ ಮುಂಗಾಲನ್ನು ಮಂಡಿಯ ಬಳಿ ಬೆರಳಿನಿಂದ ಸವರಿ ನೋಡಿದ. ಆಮೇಲೆ ಮಗಳನ್ನು ಎತ್ತಿಕೊಂಡು, "ಪಪ್ಪಾ, ಇಳಿಯಿರಿ, ಅವಳ ಸರದಿ" ಎಂದ.